ಬೂದಿಗುಡ್ಡದವರು

ನಮ್ಮೂರು ಮಂಡ್ಯ ಜಿಲ್ಲೆಯಲ್ಲಿದೆ. ಸಂಕ್ರಾಂತಿಯ ದಿನ ಅಲ್ಲಿ ಮನುಷ್ಯರಿಗಿಂತ ದನಗಳಿಗೇ ಹಬ್ಬ ಹೆಚ್ಚು. ಬೆಳಿಗ್ಗೆ ನಾಲೆಗೆ ಹೊಡೆದುಕೊಂಡು ಹೋಗಿ ಮೈ ತೊಳೆಯುತ್ತೇವೆ, ಕೊಂಬು ಹೆರೆದು ಬಣ್ಣ ಬಳಿಯುತ್ತೇವೆ, ಕೊರಳಿಗೆ ಗೆಜ್ಜೆ ಕಟ್ಟಿ ಚೆಂಡುಹೂವಿನ ಹಾರ ಹಾಕುತ್ತೇವೆ. ಹೊತ್ತು ಮುಳುಗುವಾಗ ಊರ ಮುಂದಿನ ದಾರಿಗೆ ಅಡ್ಡಲಾಗಿ ಒಣಹುಲ್ಲು ಹರಡಿ ಬೆಂಕಿ ಕೊಡುತ್ತಾರೆ. ಜ್ವಾಲೆ ಸೊಂಟದೆತ್ತರಕ್ಕೆ ಎದ್ದಾಗ ಹಗ್ಗ ಹಿಡಿದವನು ಮುಂದೆ, ಎತ್ತು ಹಿಂದೆ, ಒಂದೇ ಓಟಕ್ಕೆ ದಾಟಬೇಕು. ಇದನ್ನೇ ಕಿಚ್ಚು ಹಾಯಿಸುವುದು ಎನ್ನುತ್ತೇವೆ. ದಾಟಿದ ಮೇಲೆ ಎತ್ತಿನ ಹೊಟ್ಟೆಯಡಿಯ ಕೂದಲು ಸೀದ ವಾಸನೆ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತಿರುತ್ತದೆ. ಉಣ್ಣಿ ಉದುರುತ್ತದೆ, ರೋಗರುಜಿನ ದೂರವಾಗುತ್ತದೆ ಎಂದು ಅಜ್ಜ ಹೇಳುತ್ತಿದ್ದರು.

ನನಗೆ ಒಂಬತ್ತು ವರ್ಷವಾಗಿದ್ದ ಸಂಕ್ರಾಂತಿಗೆ ಬೆಂಗಳೂರಿನಿಂದ ಹತ್ತಿರದ ನೆಂಟರೊಬ್ಬರು ಬಂದಿದ್ದರು. ಊರಿನಲ್ಲಿ ಮೊದಲು ಕಾಲೇಜು ಓದಿದವರು, ಮನೆಯವರೆಲ್ಲ ಗೌರವದಿಂದ ಕಾಣುತ್ತಿದ್ದವರು. ಜಗಲಿಯ ಮೇಲೆ ನಿಂತು ಕಿಚ್ಚು ನೋಡುತ್ತಿದ್ದವರು, "ಇನ್ನೂ ಈ ಅನಾಗರಿಕ ಪದ್ಧತಿಯನ್ನು ಬಿಟ್ಟಿಲ್ಲವೇ ನೀವು?" ಎಂದರು. ಅಜ್ಜ ಏನೂ ಹೇಳಲಿಲ್ಲ. ಎತ್ತಿನ ಬೆನ್ನು ಸವರುತ್ತಾ ಕೊಟ್ಟಿಗೆಯ ಕಡೆ ನಡೆದರು. ಆ ಪದದ ಅರ್ಥ ನನಗೆ ಪೂರ್ತಿ ತಿಳಿದಿರಲಿಲ್ಲ, ಆದರೆ ಅಜ್ಜನ ಬೆನ್ನು ನೋಡಿ ಅದು ಎಂಥ ಪದವೆಂಬುದು ತಿಳಿಯಿತು. ಮುಂದಿನ ವರ್ಷದಿಂದ ನಾನು ಹಗ್ಗ ಹಿಡಿಯಲು ಹೋಗಲಿಲ್ಲ. ಪರೀಕ್ಷೆ ಇದೆ, ಓದಬೇಕು ಎಂದು ಹೇಳಿ ಒಳಗೇ ಕುಳಿತಿರುತ್ತಿದ್ದೆ.

ಇಪ್ಪತ್ತು ವರ್ಷಗಳ ಮೇಲೆ ಕೆಲಸದ ವರ್ಗಾವಣೆಯಾಗಿ ಬಳ್ಳಾರಿಗೆ ಹೋದೆ. ನಾಲೆ, ಕಬ್ಬಿನ ಹಸಿರು ಕಂಡು ಬೆಳೆದವನಿಗೆ ಆ ಬೋಳು ಬಂಡೆಗುಡ್ಡಗಳು ಮೊದಮೊದಲು ಕಣ್ಣಿಗೆ ಚುಚ್ಚುತ್ತಿದ್ದವು. ಹೊಸಪೇಟೆಯ ರಸ್ತೆಯಲ್ಲಿ ಸುಮಾರು ಇಪ್ಪತ್ತು ಕಿಲೋಮೀಟರ್ ಹೋದರೆ ಕುಡುತಿನಿ. ಅದರ ಹತ್ತಿರ, ರಸ್ತೆಯ ಪಕ್ಕದಲ್ಲೇ ಒಂದು ದಿಬ್ಬವಿದೆ. ಬಸ್ಸಿನಲ್ಲಿ ಹತ್ತಾರು ಸಲ ಅದನ್ನು ದಾಟಿದ್ದೆ, ನೋಡಿರಲಿಲ್ಲ. ಒಂದು ಭಾನುವಾರ ಸಹೋದ್ಯೋಗಿಯೊಬ್ಬರು ಗಾಡಿ ನಿಲ್ಲಿಸಿ, "ಇದು ಏನು ಗೊತ್ತೇ? ಬೂದಿ. ಪೂರ್ತಿ ಸಗಣಿ ಸುಟ್ಟ ಬೂದಿ," ಎಂದರು.

ದಿಬ್ಬದ ಕಡಿದ ಮಗ್ಗುಲಲ್ಲಿ ಪದರಗಳು ಕಾಣುತ್ತಿದ್ದವು. ಬಿಳಿಬೂದು ಪದರದ ಮೇಲೆ ಕಂದು, ಮತ್ತೆ ಬೂದು. ಒಂದು ಕಡೆ ಬೆರಳಿಗೆ ಹಿಟ್ಟಿನಂತೆ ಅಂಟುವ ನುಣುಪು ಬೂದಿ. ಅದರ ಮೇಲೆಯೇ ಗಟ್ಟಿಯಾದ, ತೂತು ತೂತಾದ ಉಂಡೆಗಳು. ಕೆಳಗೆ ಬಿದ್ದಿದ್ದ ಒಂದನ್ನು ಎತ್ತಿಕೊಂಡೆ. ಕಲ್ಲಿನಂತೆ ಕಂಡರೂ ಕೈಗೆ ಹಗುರ, ಒಂದು ಮಗ್ಗುಲು ಗಾಜಿನಂತೆ ಹೊಳೆಯುತ್ತಿತ್ತು. ಬೂದಿ ಕರಗಿ ಗಾಜಾಗಬೇಕಾದರೆ ಎಂಥ ಬೆಂಕಿ ಬಿದ್ದಿರಬೇಕು! ಮೂಸಿ ನೋಡಿದೆ. ನಾಲ್ಕು ಸಾವಿರ ವರ್ಷಗಳ ಮೇಲೆ ಯಾವ ವಾಸನೆಯೂ ಉಳಿಯುವುದಿಲ್ಲವೆಂದು ಗೊತ್ತು, ಆದರೂ ಮೂಸಿದೆ. ಉಂಡೆಯನ್ನು ಇದ್ದಲ್ಲೇ ಇಟ್ಟು ಬಂದೆ.

ಇಂಥ ಬೂದಿದಿಬ್ಬಗಳು ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿಯಿಂದ ಹಿಡಿದು ಆಂಧ್ರ, ತೆಲಂಗಾಣದವರೆಗೆ ನೂರಕ್ಕೂ ಹೆಚ್ಚಿವೆ. ಜನ ಇವುಗಳಿಗೆ ಕಥೆ ಕಟ್ಟಿದ್ದಾರೆ. ಕುಡುತಿನಿಯದು ಭೀಮ ಕೊಂದ ಹಿಡಿಂಬನನ್ನು ಸುಟ್ಟ ಬೂದಿಯಂತೆ. ಹಂಪಿಯ ಹತ್ತಿರದ ನಿಂಬಾಪುರದ್ದು ವಾಲಿಯ ಚಿತೆಯಂತೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇವುಗಳನ್ನು ಕಂಡ ಬ್ರಿಟಿಷ್ ಅಧಿಕಾರಿಗಳೂ ಬೇರೆ ಬೇರೆ ಊಹೆ ಮಾಡಿದರು. ಅಗ್ನಿಪರ್ವತದ ಕಿಟ್ಟ ಎಂದವರಿದ್ದರು, ಲೋಹ ಕರಗಿಸಿದ ಕಸ ಎಂದವರಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಇದು ಹೊಸ ಶಿಲಾಯುಗದ ದನಗಾಹಿಗಳ ಸಗಣಿಯ ಬೂದಿ ಎಂದು ಗಟ್ಟಿಯಾಗಿ ಹೇಳಿದರು. ಆಮೇಲೆ ಲಂಡನ್ನಿನ ಝಾಯ್ನರ್ ಎಂಬ ವಿಜ್ಞಾನಿ ಪರೀಕ್ಷೆ ಮಾಡಿ ಅದು ಸಗಣಿಯೇ ಎಂದು ತೋರಿಸಿದರು. 1957ರಲ್ಲಿ ತೆಲಂಗಾಣದ ಉತ್ನೂರಿನ ದಿಬ್ಬವನ್ನು ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಅಗೆದಾಗ ಬೇಲಿಯ ಕಂಬಗಳನ್ನು ನೆಟ್ಟ ಗುಳಿಗಳು ಸಿಕ್ಕವು. ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೂ ಸಿಕ್ಕವು. ಬೇಲಿಯೊಳಗೆ ದನ ಕೂಡಿದ್ದಾರೆ, ಸಗಣಿ ಸೇರಿಸಿದ್ದಾರೆ, ಒಂದು ಕಾಲಕ್ಕೆ ಎಲ್ಲವನ್ನೂ ಸುಟ್ಟಿದ್ದಾರೆ, ಅದರ ಮೇಲೆ ಮತ್ತೆ ದೊಡ್ಡಿ ಕಟ್ಟಿದ್ದಾರೆ. ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದಿಂದ ಎರಡನೆಯದರವರೆಗೆ, ತಲೆಮಾರುಗಟ್ಟಲೆ, ಹೀಗೇ.

ಆಲ್ಚಿನ್ ಇಲ್ಲಿಗೇ ನಿಲ್ಲಲಿಲ್ಲ. ಈ ಬೆಂಕಿಗೂ ನಮ್ಮ ಸಂಕ್ರಾಂತಿ, ದೀಪಾವಳಿಗಳಲ್ಲಿ ದನಗಳನ್ನು ಬೆಂಕಿಯ ಮೇಲೆ ಹಾಯಿಸುವ ಆಚರಣೆಗೂ ನಂಟಿರಬಹುದು ಎಂದರು. ಇದನ್ನು ನಾನು ಓದಿದ್ದು ಬಳ್ಳಾರಿಯ ಬಾಡಿಗೆ ಮನೆಯಲ್ಲಿ, ಒಂದು ಬೇಸಿಗೆಯ ರಾತ್ರಿ. ಪುಸ್ತಕ ಮುಚ್ಚಿಟ್ಟು ಮಹಡಿಗೆ ಹೋಗಿ ನಿಂತುಕೊಂಡೆ. ಅಜ್ಜ ಹೋಗಿ ಆಗಲೇ ಹನ್ನೊಂದು ವರ್ಷವಾಗಿತ್ತು. ನಾಲ್ಕು ಸಾವಿರ ವರ್ಷಗಳ ನಂಟು ಎಳೆ ತಪ್ಪದೆ ಬಂದಿದೆ ಎಂದು ಸಾಧಿಸಲು ಯಾರಿಂದಲೂ ಆಗದು. ನಾನೂ ಹಾಗೆಂದು ಹೇಳುತ್ತಿಲ್ಲ. ಆದರೆ ಜಗಲಿಯ ಮೇಲೆ ನಿಂತು ಒಂದು ಪದದಲ್ಲಿ ತಳ್ಳಿಹಾಕಿದ್ದರ ಹಿಂದೆ ಇಷ್ಟು ದೊಡ್ಡ ಕತ್ತಲೆಯೂ ಇಷ್ಟು ದೊಡ್ಡ ಬೆಂಕಿಯೂ ಇರಬಹುದೆಂಬುದೇ ನನಗೆ ಸಾಕಾಗಿತ್ತು.

ಪದಗಳ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ತೀರ್ಪು ಪದದಲ್ಲೇ ಅಡಗಿರುತ್ತದೆ. ನಾಗರಿಕತೆ ಎಂಬುದು ನಗರದಿಂದ ಹುಟ್ಟಿದ ಮಾತು. ನಗರ ಕಟ್ಟದವನು ಅನಾಗರಿಕ. ಗ್ರಾಮದಿಂದ ಹುಟ್ಟಿದ ಗ್ರಾಮ್ಯ ಎಂಬ ಪದಕ್ಕೆ ಒರಟು ಎಂಬ ಅರ್ಥ ಬಂದು ಎಷ್ಟೋ ಕಾಲವಾಗಿದೆ. ಇನ್ನು ಮುಂದುವರಿದ, ಹಿಂದುಳಿದ ಎನ್ನುವಾಗ ನಾವು ಒಂದು ದಾರಿಯನ್ನು ಕಲ್ಪಿಸಿಕೊಂಡಿರುತ್ತೇವೆ. ಎಲ್ಲರೂ ಅದೇ ದಾರಿಯಲ್ಲಿ ಅದೇ ಊರಿಗೆ ಹೊರಟವರು, ಕೆಲವರ ಕಾಲು ಮಾತ್ರ ನಿಧಾನ. ಬೂದಿದಿಬ್ಬದವರು ಆ ಊರಿಗೆ ಹೊರಟೇ ಇರಲಿಲ್ಲ ಎಂಬ ಸಾಧ್ಯತೆಯನ್ನು ಹೇಳಲು ಈ ಜೋಡಿಪದದಲ್ಲಿ ಜಾಗವಿಲ್ಲ.

ಶಾಲೆಯಲ್ಲಿ ಕಲಿತ ಏಣಿಯೂ ಅದೇ ಬಗೆಯದು. ಕಲ್ಲು, ಕಂಚು, ಕಬ್ಬಿಣ. ಡೆನ್ಮಾರ್ಕಿನ ಥಾಮ್ಸೆನ್ ಕೋಪನ್‌ಹೇಗನ್ನಿನ ವಸ್ತುಸಂಗ್ರಹಾಲಯದ ಸಾಮಾನುಗಳನ್ನು ಜೋಡಿಸಲು ಮಾಡಿಕೊಂಡ ವಿಂಗಡಣೆ ಅದು, ಅಚ್ಚಾದದ್ದು 1836ರಲ್ಲಿ. ಕಪಾಟಿಗೆ ಅನುಕೂಲವಾಗಿದ್ದ ಆ ಕ್ರಮ ಬರಬರುತ್ತಾ ಮನುಷ್ಯಕುಲದ ಜಾತಕವಾಯಿತು. 1877ರಲ್ಲಿ ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ ಕಾಡುತನ, ಬರ್ಬರತೆ, ನಾಗರಿಕತೆ ಎಂದು ಮೂರು ಮೆಟ್ಟಿಲು ಮಾಡಿ, ಅಕ್ಷರ ಬಂದಲ್ಲಿಂದ ಮಾತ್ರ ಮೂರನೆಯದು ಎಂದು ಗೆರೆ ಎಳೆದರು. ಆದರೆ ನಮ್ಮ ದಕ್ಷಿಣ ಭಾರತದಲ್ಲಿ ಕಂಚಿನ ಯುಗ ಎಂದು ಬೇರೆಯಾಗಿ ಹೇಳುವಂಥದ್ದೇ ಇಲ್ಲ. ತಾಮ್ರದ ಒಂದೆರಡು ಸಾಮಾನು ಸಿಗುತ್ತವೆ, ಅಷ್ಟೆ. ಇಲ್ಲಿನ ಜನ ಕಲ್ಲಿನಿಂದ ನೇರ ಕಬ್ಬಿಣಕ್ಕೆ ಬಂದರು. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಂಡೆಯ ಹಳ್ಳೂರನ್ನು 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಗೆದಾಗ ಸಿಕ್ಕ ಕಬ್ಬಿಣದ ಕಾಲ ಸುಮಾರು ಕ್ರಿಸ್ತಪೂರ್ವ 1000. ನಡುವಿನ ಮೆಟ್ಟಿಲನ್ನೇ ಮುಟ್ಟದೆ ಹತ್ತಿದವರು ಮುಂದಿದ್ದರೋ ಹಿಂದಿದ್ದರೋ?

ಈಗೀಗ ಇದಕ್ಕೆ ತಿರುಗುಮುರುಗಾದ ಇನ್ನೊಂದು ಭರಾಟೆ ಶುರುವಾಗಿದೆ. 2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ತನ್ನ ನೆಲದಲ್ಲಿ ಐದು ಸಾವಿರ ವರ್ಷಗಳಿಗೂ ಹಿಂದೆ ಕಬ್ಬಿಣವಿತ್ತು ಎಂದು ಪ್ರಕಟಿಸಿತು. ತಜ್ಞರ ಚರ್ಚೆ ನಡೆದಿದೆ, ನಡೆಯಲಿ. ನನಗೆ ಬೇಸರ ತಂದದ್ದು ಆಗ ನಮ್ಮವರಿಂದ ಕೇಳಿಬಂದ ಮಾತು: ನಮ್ಮಲ್ಲಿ ಅದಕ್ಕೂ ಹಳೆಯದು ಏಕೆ ಸಿಕ್ಕಿಲ್ಲ? ಏಣಿಯನ್ನು ಪ್ರಶ್ನಿಸುವ ಬದಲು ಅದರ ಮೇಲಿನ ಮೆಟ್ಟಿಲಿಗೆ ನೂಕುನುಗ್ಗಲು. ಜಗಲಿಯ ಮೇಲಿದ್ದ ನೆಂಟರ ಅಳತೆಗೋಲನ್ನೇ ನಾವೂ ಹಿಡಿದುಕೊಂಡಂತಾಯಿತು.

ಬಳ್ಳಾರಿ ಪಟ್ಟಣಕ್ಕೆ ಅಂಟಿಕೊಂಡಂತೆಯೇ ಸಂಗನಕಲ್ಲು, ಕಪ್ಪಗಲ್ಲುಗಳ ಗುಡ್ಡಗಳಿವೆ. ಹಿರೇಗುಡ್ಡದ ಬಂಡೆಗಳ ನಡುವೆ ಕಪ್ಪುಶಿಲೆಯ ಒಂದು ಪಟ್ಟಿ ಹಾದುಹೋಗಿದೆ. ಭೂವಿಜ್ಞಾನದವರು ಅದನ್ನು ಡೋಲೆರೈಟ್ ಎನ್ನುತ್ತಾರೆ. ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ ಇಲ್ಲಿ ಕಲ್ಲುಕೊಡಲಿಗಳ ಕಾರ್ಖಾನೆಯಿತ್ತು. ಕಾರ್ಖಾನೆ ಎಂಬ ಮಾತನ್ನು ಯೋಚಿಸಿಯೇ ಬಳಸುತ್ತಿದ್ದೇನೆ. ಕಾಲಿಟ್ಟಲ್ಲೆಲ್ಲ ಕೆತ್ತನೆಯ ಚಕ್ಕೆಗಳು. ಒಂದು ಕುಟುಂಬ ತನ್ನ ಬಳಕೆಗೆ ಮಾಡಿಕೊಂಡ ಕೆಲಸದ ಕಸ ಇಷ್ಟಾಗುವುದಿಲ್ಲ. ಗಟ್ಟಿ ಬಂಡೆಯ ಮೇಲೆ ಅಲ್ಲಲ್ಲಿ ದೋಣಿಯಾಕಾರದ ನುಣುಪು ತಗ್ಗುಗಳಿವೆ. ಕೊಡಲಿಯನ್ನು ನೀರು ಹಾಕಿ ಉಜ್ಜಿ ಉಜ್ಜಿ ಅಲಗು ತಂದ ಜಾಗ ಅವು. ಒಂದು ತಗ್ಗಿನಲ್ಲಿ ಅಂಗೈ ಇಟ್ಟೆ. ಹಿಟ್ಟು ಬೀಸಿ ಸವೆದ ನಮ್ಮ ಮನೆಯ ಬೀಸುಕಲ್ಲಿನ ಹೊಟ್ಟೆಯಂತೆ ತಣ್ಣಗಿತ್ತು. ಬಳ್ಳಾರಿಯ ಫೂಟ್ ವಸ್ತುಸಂಗ್ರಹಾಲಯದಲ್ಲಿ ಅಂಥ ಕೊಡಲಿಗಳನ್ನು ನೋಡಬಹುದು. ಎರಡು ಮಗ್ಗುಲಿನ ಬಾಗು ಹೆಚ್ಚುಕಡಿಮೆಯಾಗದಂತೆ ಕೆತ್ತಲು ಎಷ್ಟು ವರ್ಷ ಕೈ ಪಳಗಬೇಕೆಂದು, ಕಲ್ಲಿನ ಸಹವಾಸವೇ ಇಲ್ಲದ ನನಗೆ ಊಹಿಸಲೂ ಆಗಲಿಲ್ಲ.

ಕೊಡಲಿಗಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾಳು. ರವಿ ಕೋರಿಶೆಟ್ಟರ್, ನಿಕೋಲ್ ಬೊವಾನ್, ಡೋರಿಯನ್ ಫುಲ್ಲರ್ ಮೊದಲಾದ ಸಂಶೋಧಕರು ಇಲ್ಲಿ ಕೆಲಸ ಮಾಡಿ, ಮಣ್ಣನ್ನು ನೀರಿನಲ್ಲಿ ತೇಲಿಸಿ ಸೋಸಿ ಕರಕಲಾದ ಕಾಳುಗಳನ್ನು ಹೆಕ್ಕಿದರು. ಸಿಕ್ಕವುಗಳಲ್ಲಿ ಮುಖ್ಯವಾದವು ಹುರಳಿ, ಹೆಸರು, ಕೊರಲೆ. ಈ ಬಯಲುಸೀಮೆಯ ಜನ ಕಾಡುಗಿಡದಿಂದ ತಾವೇ ಪಳಗಿಸಿ ಬೆಳೆ ಮಾಡಿಕೊಂಡವು ಇವು ಎಂಬುದು ಅವರ ನಿಲುವು. ನಮ್ಮ ಜೀವಾಳ ಎಂದು ನಾವು ಹೇಳಿಕೊಳ್ಳುವ ರಾಗಿಯೂ ಜೋಳವೂ ಆಫ್ರಿಕಾದಿಂದ ಬಂದವು. ಹುರಳಿಕಟ್ಟಿನ ಸಾರು ಮಾತ್ರ ಇಲ್ಲಿನ ಮಣ್ಣಿನದೇ. ಒಂದೆರಡು ಮಳೆ ಬಿದ್ದರೂ ಕೈಗೆ ಬರುವ ಬೆಳೆಯನ್ನು, ದನಕ್ಕೆ ಮೇವಾಗಿ ಮನುಷ್ಯನಿಗೆ ಕಾಳಾಗುವ ಗಿಡವನ್ನು ನೂರಾರು ಕಾಡುಹುಲ್ಲುಗಳ ನಡುವೆ ಗುರುತಿಸಿ, ಪ್ರತಿ ವರ್ಷ ದಪ್ಪ ಕಾಳನ್ನೇ ಬಿತ್ತನೆಗೆ ಎತ್ತಿಟ್ಟು, ಹತ್ತಾರು ತಲೆಮಾರು ಹಾಗೆಯೇ ಮಾಡಿದವರು ಅವರು. ಹೊಲದ ಮೇಲೆ ಯಾರ ಹೆಸರೂ ಇಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಘೋಷಿಸಿದಾಗ ಬೆಂಗಳೂರಿನ ಅಂಗಡಿಯೊಂದರಲ್ಲಿ ಕೊರಲೆಯ ಪೊಟ್ಟಣ ಕಂಡೆ. ಅಕ್ಕಿಗಿಂತ ಎಷ್ಟೋ ಪಟ್ಟು ಬೆಲೆ. ಬಡವರ ಕಾಳು, ಹಿಂದುಳಿದವರ ಕಾಳು ಎಂದು ಹೊಲದಿಂದ ಓಡಿಸಿದ್ದನ್ನು ಆರೋಗ್ಯದ ಹೆಸರಿನಲ್ಲಿ ಕೊಂಡು ತರುತ್ತಿದ್ದೇವೆ. ಕಾಳು ಬದಲಾಗಿಲ್ಲ.

ಕಪ್ಪಗಲ್ಲಿನ ಗುಡ್ಡದಲ್ಲಿ ಗೂಳಿಗಳ ಚಿತ್ರಗಳನ್ನು ಕುಟ್ಟಿ ಮೂಡಿಸಿದ ಬಂಡೆಗಳಿವೆ. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಬರುತ್ತದೆ, ಬಡಿದು ಬಡಿದು ಸವೆದ ಗುಳಿಗಳು ಅಲ್ಲೇ ಕಾಣುತ್ತವೆ. ಆ ಸುತ್ತಿನ ಗ್ರಾನೈಟಿಗೆ ಬೇಡಿಕೆ ಇದೆ. ಕಲ್ಲುಗಣಿಗಾರಿಕೆ ಈ ಗುಡ್ಡಗಳನ್ನು ಮುಟ್ಟಿದೆ, ಸಂಶೋಧಕರು ಎಚ್ಚರಿಸುತ್ತಲೇ ಬಂದಿದ್ದಾರೆ. ನಾಲ್ಕು ಸಾವಿರ ವರ್ಷ ನುಡಿದ ಬಂಡೆಯನ್ನು ಜಲ್ಲಿ ಮಾಡಲು ಒಂದು ಮಧ್ಯಾಹ್ನ ಸಾಕು. ನನಗೆ ಇದು ಸಿಟ್ಟಿನ ವಿಷಯ, ಆ ಸಿಟ್ಟನ್ನು ಮುಚ್ಚಿಡುವ ಅಗತ್ಯ ಕಾಣುವುದಿಲ್ಲ.

ಬಳ್ಳಾರಿಯಲ್ಲಿದ್ದ ನಾಲ್ಕು ವರ್ಷಗಳಲ್ಲಿ ಮೂರು ಸಲ ಹಿರೇಬೆಣಕಲ್ಲಿಗೆ ಹೋದೆ. ಕೊಪ್ಪಳ ಜಿಲ್ಲೆಯ ಗಂಗಾವತಿಯಿಂದ ಹತ್ತು ಕಿಲೋಮೀಟರಿನ ಹಾದಿ, ಆಮೇಲೆ ಗುಡ್ಡ ಹತ್ತಬೇಕು. ಮೇಲೆ ಕಲ್ಲಿನ ಚಪ್ಪಡಿಗಳಿಂದ ಕಟ್ಟಿದ ನಾನೂರರಷ್ಟು ಶಿಲಾಸಮಾಧಿಗಳಿವೆ. ಮೂರು ಕಡೆ ಚಪ್ಪಡಿ ನಿಲ್ಲಿಸಿ, ಮೇಲೆ ಇನ್ನೊಂದನ್ನು ಹೊದಿಸಿ, ಎದುರಿನ ಚಪ್ಪಡಿಗೆ ದುಂಡನೆಯ ಕಿಂಡಿ ಕೊರೆದ ಕಲ್ಲಿನ ಕೋಣೆಗಳು. ಕೆಲವು ಆಳೆತ್ತರವನ್ನೂ ಮೀರುತ್ತವೆ. ಊರಿನವರು ಇದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ಕಿಂಡಿಯಲ್ಲಿ ನುಸುಳಬಲ್ಲಷ್ಟು ಕುಳ್ಳಗಿನ ಮೋರ್ಯರೆಂಬ ಜನ ಇಲ್ಲಿ ವಾಸವಾಗಿದ್ದರಂತೆ. ಬಂಡೆಯ ಸಹಜ ಪದರವನ್ನು ಓದಿಕೊಂಡು ಚಪ್ಪಡಿ ಎಬ್ಬಿಸಿದ ಜಾಗದಲ್ಲಿ ಈಗ ಹೊಂಡವಿದೆ, ನಾನು ಹೋದಾಗಲೆಲ್ಲ ನೀರಿತ್ತು.

ಎರಡನೆಯ ಸಲ ಹೋದಾಗ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಜೊತೆಯಾದರು. ದೊಡ್ಡ ಬಂಡೆಯೊಂದರ ನೆತ್ತಿಯ ಮೇಲೆ ನಗಾರಿಯಾಕಾರದ ಕಲ್ಲು ಕೂತಿದೆ, ಅಡ್ಡಳತೆ ಎರಡು ಮೀಟರಿನಷ್ಟು. ಅವರು ಸರಸರನೆ ಹತ್ತಿ ಕೈಯ ಕೋಲಿನಿಂದ ಒಂದು ಪೆಟ್ಟು ಕೊಟ್ಟರು. ಕಲ್ಲಿನಿಂದ ಅಂಥ ತುಂಬಿದ ಸದ್ದು ಬರುತ್ತದೆಂದು ನಾನು ಎಣಿಸಿರಲಿಲ್ಲ. ಕೆಳಗೆ ಮೇಯುತ್ತಿದ್ದ ಕುರಿಗಳೆಲ್ಲ ತಲೆಯೆತ್ತಿದವು. "ಸತ್ತವರಿಗೆ ಹೇಳಿ ಕಳಿಸುತ್ತಿದ್ದರೋ, ಇದ್ದವರನ್ನು ಕರೆಯುತ್ತಿದ್ದರೋ ಯಾರಿಗೆ ಗೊತ್ತು," ಎಂದು ಅವರು ಇಳಿದು ಬಂದರು. ಕಿಂಡಿಯೊಂದರ ಅಂಚನ್ನು ಆಮೇಲೆ ಬೆರಳಿನಿಂದ ಸುತ್ತಿ ನೋಡಿದೆ. ಬಳೆ ತೊಡಿಸುವ ಕೈಯಷ್ಟು ಜೋಪಾನವಾಗಿ ದುಂಡು ತಂದಿದ್ದರು. ಸತ್ತವರ ಮನೆಗೆ ಇಷ್ಟು ಕೆಲಸ ಮಾಡಿದವರ ಸ್ವಂತ ಮನೆಗಳು ಮಣ್ಣು ಹುಲ್ಲಿನವಾಗಿರಬೇಕು, ಒಂದೂ ಉಳಿದಿಲ್ಲ.

ಅಲ್ಲಿಂದ ಮೂವತ್ತು ನಲವತ್ತು ಕಿಲೋಮೀಟರ್ ದೂರದಲ್ಲಿ ಕೊಪ್ಪಳದ ಗವಿಮಠದ ಬೆಟ್ಟದ ಮೇಲೆ ಅಶೋಕನ ಶಾಸನವಿದೆ. ಹಿರೇಬೆಣಕಲ್ಲಿನ ಕಾಲವನ್ನು ಕ್ರಿಸ್ತಪೂರ್ವ 800ರಿಂದ 200 ಎಂದು ಲೆಕ್ಕ ಹಾಕುತ್ತಾರೆ. ಅಶೋಕ ಆಳಿದ್ದು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ. ಎಂದರೆ ಅತ್ತ ಶಾಸನದ ಅಕ್ಷರ ಕೊರೆಯುತ್ತಿದ್ದ ಹೊತ್ತಿನಲ್ಲೇ ಇತ್ತ ಈ ಸಂಪ್ರದಾಯದವರು ಕಿಂಡಿ ಕೊರೆಯುತ್ತಿದ್ದರು. ಒಂದೇ ಕಾಲ, ಒಂದೇ ಸೀಮೆ, ಒಂದೇ ಬಗೆಯ ಕಲ್ಲು. ನಮ್ಮ ಪುಸ್ತಕಗಳಲ್ಲಿ ಮಾತ್ರ ಒಂದು ಇತಿಹಾಸದ ಅಧ್ಯಾಯದಲ್ಲಿದೆ, ಇನ್ನೊಂದು ಪ್ರಾಗಿತಿಹಾಸದ ಅಧ್ಯಾಯದಲ್ಲಿದೆ. ನಡುವೆ ಎಷ್ಟೋ ಪುಟಗಳು.

ಈ ಅಂತರಕ್ಕೆ ಕಾರಣ ಓದು. ಆ ಶಾಸನವಾದರೂ ನಮಗೆ ಓದಲು ಸಿಕ್ಕದ್ದು ಈಚೆಗೆ. ಅದರ ಬ್ರಾಹ್ಮಿ ಲಿಪಿಯನ್ನು ಶತಮಾನಗಳ ಕಾಲ ಯಾರೂ ಓದಲಾರದೆ ಹೋಗಿದ್ದರು. ಬ್ರಿಟಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸಿದ್ದು 1837ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1835ರಲ್ಲಿ, ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಹಿರೇಬೆಣಕಲ್ಲಿನ ಬಗ್ಗೆ ಮೊದಲ ವರದಿ ಬರೆದಿದ್ದ. ಪ್ರಿನ್ಸೆಪ್‌ಗೆ ಬೀಗದ ಕೈ ಸಿಕ್ಕಿತು, ಟೇಲರ್‌ಗೆ ಸಿಗಲಿಲ್ಲ. ಆ ದಿನದಿಂದ ಒಂದು ಕಲ್ಲು ದೊರೆಯ ಮಾತಾಯಿತು, ಇನ್ನೊಂದು ಮೂಕವಾಗಿಯೇ ಉಳಿಯಿತು. ನನಗೆ ಈಗ ಅನ್ನಿಸುವುದು ಇಷ್ಟು: ನಮಗೆ ಓದಲು ಬರುವುದನ್ನು ಮುಂದುವರಿದದ್ದು ಎನ್ನುತ್ತೇವೆ, ಓದಲು ಬಾರದ್ದಕ್ಕೆ ಆದಿಮ ಎಂದು ಹೆಸರಿಡುತ್ತೇವೆ. ಕೊರತೆ ನಮ್ಮ ಕಣ್ಣಿನದು, ಹೆಸರು ಅವರಿಗೆ.

ಆ ಕಿರುಶಾಸನದ ಪಾಠದಲ್ಲೇ ಒಂದು ವಿಷಯವಿದೆ. ಧರ್ಮದ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸ್ವರ್ಗ ಸಿಗುತ್ತದೆ ಎನ್ನುತ್ತಾನೆ ಅಶೋಕ, ಅಂಚಿನಲ್ಲಿರುವವರಿಗೂ ಇದು ತಿಳಿಯಲಿ ಎನ್ನುತ್ತಾನೆ. ಪಾಟಲಿಪುತ್ರದಲ್ಲಿ ಕುಳಿತವನಿಗೆ ನಮ್ಮ ಸೀಮೆ ಅಂಚು. ಅವನದೇ ಹದಿಮೂರನೆಯ ಶಾಸನದಲ್ಲಿ ಅಡವಿಯ ಜನರಿಗೆ ಬೇರೆ ದನಿ ಇದೆ. ಪಶ್ಚಾತ್ತಾಪ ಪಟ್ಟಿದ್ದರೂ ಶಿಕ್ಷಿಸುವ ಬಲ ತನಗಿದೆ ಎಂದು ಅಲ್ಲಿ ನೆನಪಿಸುತ್ತಾನೆ. ಕಳಿಂಗದ ಹೆಣಗಳಿಗಾಗಿ ಮರುಗಿದ ಆ ದೊಡ್ಡ ಮನಸ್ಸಿಗೂ ಅಡವಿಯವರು ಸಮನಾಗಿ ಕಾಣಲಿಲ್ಲ. ಅಶೋಕನ ಮೇಲೆ ನನಗೆ ಗೌರವವಿದೆ. ಅದಕ್ಕೇ ಆ ಸಾಲು ನೋಯಿಸುತ್ತದೆ.

ಕಣ್ಣು ಮೋಸಹೋಗುವುದಕ್ಕೆ ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಉಕ್ಕು. 1799ರಲ್ಲಿ ಟಿಪ್ಪು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಕಂಡದ್ದನ್ನೆಲ್ಲ ಬರೆದ. ಕಬ್ಬಿಣ, ಉಕ್ಕು ಮಾಡುವವರ ಕುಲುಮೆಗಳನ್ನೂ ಬರೆದ. ಮಣ್ಣಿನ ಕುಲುಮೆ, ತೊಗಲಿನ ತಿದಿ, ಅಷ್ಟೇ. ಉಕ್ಕಿಗಾಗಿ ಸಣ್ಣ ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಚೂರು ಹಾಕಿ, ತಂಗಡಿಯ ಒಣಕಟ್ಟಿಗೆ, ಎಕ್ಕದಂಥ ಗಿಡಗಳ ಎಲೆ ಸೇರಿಸಿ, ಬಾಯಿಗೆ ಮಣ್ಣು ಮೆತ್ತಿ, ಗಂಟೆಗಟ್ಟಲೆ ಕಾಯಿಸುವುದು ದಕ್ಷಿಣದ ಕ್ರಮವಾಗಿತ್ತು. ದೂರದಿಂದ ನೋಡಿದವನಿಗೆ ಹಳ್ಳಿಯವರ ಒರಟು ಕೆಲಸ. ಅದೇ ಮೂಸೆಯಿಂದ ಬಂದ ಉಕ್ಕಿನ ತುಂಡುಗಳು ಲಂಡನ್ನಿಗೆ ಹೋಗಿ, 1795ರಲ್ಲಿ ಅಲ್ಲಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧವಾಗಿದ್ದವು. ವಿದ್ಯುತ್ತಿನಿಂದ ಹೆಸರಾಗುವ ಮೊದಲು ಮೈಕೇಲ್ ಫ್ಯಾರಡೆ ಈ ಉಕ್ಕಿನ ಗುಟ್ಟು ಬಿಡಿಸಲು, ಅದನ್ನು ತಾನೂ ಮಾಡಲು 1820ರ ಆಸುಪಾಸಿನಲ್ಲಿ ಸ್ಟೊಡಾರ್ಟ್ ಎಂಬಾತನೊಡನೆ ವರ್ಷಗಟ್ಟಲೆ ಪ್ರಯೋಗ ಮಾಡಿದ. ಇಂಗ್ಲಿಷಿನಲ್ಲಿ ಅದಕ್ಕೆ ಬಿದ್ದ ವೂಟ್ಸ್ ಎಂಬ ಹೆಸರು ನಮ್ಮ ಉಕ್ಕು ಪದದ ಅಪಭ್ರಂಶ ಎಂದು ತಿಳಿದವರು ಹೇಳುತ್ತಾರೆ. ಬರೆದಿಡದ ವಿದ್ಯೆ ಕೈಯಲ್ಲಿತ್ತು. ಕಾರ್ಖಾನೆಯ ಅಗ್ಗದ ಕಬ್ಬಿಣ ಸಂತೆಗೆ ಬಂದಾಗ ಕುಲುಮೆಗಳು ಆರಿದವು, ಕೈಗಳು ಕೂಲಿಗೆ ಹೋದವು. ಒಂದೆರಡು ತಲೆಮಾರಿನಲ್ಲಿ ಆ ಮನೆಗಳ ಮಕ್ಕಳೇ ಸರ್ಕಾರಿ ಕಾಗದದಲ್ಲಿ ಹಿಂದುಳಿದವರೆಂದು ದಾಖಲಾದರು.

ಹಾಗೆಂದು ಎಲ್ಲ ಕಾಲವೂ ಒಂದೇ, ಎಲ್ಲ ಬದುಕೂ ಸಮ ಎಂದು ನಾನು ಹೇಳಲಾರೆ. ಹಾಗೆ ಹೇಳದಂತೆ ನನ್ನನ್ನು ತಡೆಯುವುದು ಒಂದು ಮಡಕೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದಾಗ, ಕಲ್ಲುಕೊಡಲಿಯ ಕಾಲದ ಪದರಗಳಲ್ಲಿ ಹಸುಗೂಸುಗಳನ್ನು ಮಡಕೆಯಲ್ಲಿಟ್ಟು ಹೂತದ್ದು ಸಿಕ್ಕಿತು. ಬಳ್ಳಾರಿಯ ತೆಕ್ಕಲಕೋಟೆಯಲ್ಲೂ ಸಿಕ್ಕಿದೆ. ದೊಡ್ಡವರನ್ನು ಉದ್ದಕ್ಕೆ ಮಲಗಿಸಿ ಹೂಳುತ್ತಿದ್ದರು. ಕೂಸುಗಳಿಗೆ ಮಡಕೆ, ಅದೂ ವಾಸದ ನೆಲೆಯೊಳಗೇ, ಮನೆಗಳ ನಡುವೆಯೇ. ನನ್ನ ಅಜ್ಜಿ ಏಳು ಹೆತ್ತು ಮೂರನ್ನು ಕಳೆದುಕೊಂಡವರು. ಒಂದು ಕೂಸನ್ನು ಹಿತ್ತಲಿನ ಹುಣಸೆಮರದ ಬುಡದಲ್ಲಿಟ್ಟಿದ್ದರು. ಆ ಕಡೆ ನೀರು ಚೆಲ್ಲಿದರೆ ಅಜ್ಜಿ ರೇಗುತ್ತಿದ್ದರು, ಕಾರಣ ನನಗೆ ತಿಳಿದದ್ದು ಅವರು ಹೋದ ಮೇಲೆ. 1951ರ ಸುಮಾರಿಗೆ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 146ರಷ್ಟು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರ ಲೆಕ್ಕದಲ್ಲಿ ಅದು 28. ನನ್ನ ಮಗಳು ಎಂಟು ತಿಂಗಳ ಕೂಸಾಗಿದ್ದಾಗ ಬಂದ ಜ್ವರ ಮೂರು ದಿನಗಳ ಔಷಧಿಗೆ ಇಳಿಯಿತು. ಆ ಮೂರು ರಾತ್ರಿ ನನ್ನ ತಲೆಯಲ್ಲಿ ತೆಕ್ಕಲಕೋಟೆಯ ಮಡಕೆಯೇ ಇತ್ತು.

ಆದ್ದರಿಂದ ಒಂದು ಕಾಲ ಇನ್ನೊಂದಕ್ಕಿಂತ ಮೇಲು ಎಂದು ಹೇಳಲೇಬೇಕಾದರೆ ನಾನು ಈ ಲೆಕ್ಕದಿಂದ ಹೇಳುತ್ತೇನೆ. ಮಡಕೆ ತರುವ ತಾಯಂದಿರು ಎಷ್ಟು ಕಡಿಮೆಯಾದರು? ಗೋಪುರದ ಎತ್ತರದಿಂದ, ಲಿಪಿಯಿಂದ, ಲೋಹದಿಂದ ಅಳೆಯುವುದನ್ನು ಬಿಟ್ಟಿದ್ದೇನೆ. ಇದರಲ್ಲೂ ಅವರನ್ನು ಕೀಳು ಮಾಡುವಂಥದ್ದು ನನಗೆ ಕಾಣುವುದಿಲ್ಲ. ಲಸಿಕೆ ಅವರಿಗೆ ಗೊತ್ತಿರಲಿಲ್ಲ. ಹೋದ ಕೂಸನ್ನು ದೂರ ಇಡಬಾರದು ಎಂಬುದು ಗೊತ್ತಿತ್ತು. ಮಡಕೆಯ ಬಾಯನ್ನು ಮುಚ್ಚಿದವಳ ದುಃಖವನ್ನೂ ನನ್ನ ಅಜ್ಜಿಯ ದುಃಖವನ್ನೂ ಯಾವ ಯುಗದ ಹೆಸರಿನಲ್ಲಿ ಬೇರೆ ಮಾಡುವುದು?

ಬಳ್ಳಾರಿ ಬಿಟ್ಟು ಬಂದು ಈಗ ಆರು ವರ್ಷ. ಕಳೆದ ಸಂಕ್ರಾಂತಿಗೆ ಮಗಳನ್ನು ಕರೆದುಕೊಂಡು ಊರಿಗೆ ಹೋಗಿದ್ದೆ. ಊರಿನಲ್ಲಿ ಈಗ ಎತ್ತಿನ ಜೋಡಿ ಮೂರೋ ನಾಲ್ಕೋ ಇರಬೇಕು, ಉಳುಮೆಗೆಲ್ಲ ಟ್ರ್ಯಾಕ್ಟರ್. ದೊಡ್ಡಪ್ಪನ ಮನೆಯ ಎರಡು ಹಸುಗಳಿಗೇ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚಿದೆವು. ಸಂಜೆ ಹುಲ್ಲಿಗೆ ಬೆಂಕಿ ಕೊಟ್ಟಾಗ ಹಗ್ಗ ನಾನೇ ಹಿಡಿದೆ. ಹಸುವಿಗೆ ಹಿಂಸೆಯಾಗುವುದಿಲ್ಲವೇ ಎಂದು ಮಗಳು ಕೇಳಿದಳು. ಸರಿಯಾದ ಪ್ರಶ್ನೆ. ಬೆಂಕಿಯನ್ನು ಮೊಣಕಾಲೆತ್ತರಕ್ಕೆ ತಗ್ಗಿಸಿ, ಅಂಚಿನಲ್ಲಿ ಹಾಯಿಸಿದೆವು. ಅಜ್ಜ ಇದ್ದಿದ್ದರೂ ಅವಳ ಮಾತಿಗೆ ಒಪ್ಪುತ್ತಿದ್ದರು ಎನ್ನಿಸಿತು.

ಬೆಳಿಗ್ಗೆ ಎದ್ದು ನೋಡಿದಾಗ ದಾರಿಯ ಮೇಲೆ ಅಡ್ಡಲಾಗಿ ಬೂದಿಯ ಪಟ್ಟಿ ಇತ್ತು. ಹಸುಗಳ ಗೊರಸು ಅದರ ಮೇಲೆ ಅಚ್ಚೊತ್ತಿದಂತೆ ಮೂಡಿತ್ತು. ಮಗಳು ಬಗ್ಗಿ ಒಂದೊಂದನ್ನೇ ಎಣಿಸುತ್ತಿದ್ದಳು. ಅಷ್ಟರಲ್ಲಿ ಅಮ್ಮ ಪೊರಕೆ, ಮೊರ ಹಿಡಿದು ಬಂದು ಬೂದಿಯನ್ನೆಲ್ಲ ಗುಡಿಸಿ ತುಂಬಿಕೊಂಡು, ಹಿತ್ತಲಿನ ಅವರೆ ಬಳ್ಳಿಯ ಬುಡಕ್ಕೆ ಹಾಕಿದರು.